ಕಬ್ಬನ್ ಅನ್ನೋ ಹೆಸರಿನ ಮೂಲ ಯಾವುದು? ಈ ಮನೆತನದವರು ಈಗ ಎಲ್ಲಿದ್ದಾರೆ?

ಮಗ್ಗದಮನೆ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ. ನಮ್ಮದು ನೇಕಾರರ ಮನೆ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಲಾಳಿಯ ಸದ್ದು ಕಿವಿಗೆ ಬೀಳುತ್ತಿತ್ತು. ಆರೇಳು ವರ್ಷದವಳಿದ್ದಾಗ ತಾತನನ್ನು ಕೇಳಿದ್ದೆ, ‘ತಾತ, ಇಲ್ಲಿ ಮುಂಚೆ ಕಬ್ಬು ಬೆಳೀತಿದ್ರಾ?’ ಅಂತ. ‘ಕಬ್ಬಲ್ಲ ಕಣಮ್ಮ, ಕಬ್ಬನ್ ಸಾಹೇಬರು’ ಅಂದಿದ್ದರು ತಾತ. ಅಷ್ಟೇ. ಅವರು ಯಾರು, ಆ ಹೆಸರು ಎಲ್ಲಿಯದು ಅಂತ ನಾನೂ ಮುಂದೆ ಕೇಳಲಿಲ್ಲ.

ಈಗ ಏಳು ವರ್ಷದಿಂದ ಲಿವರ್‌ಪೂಲ್‌ನಲ್ಲಿದ್ದೇನೆ. ಹೋದ ಭಾನುವಾರ ಹಳೇ ಚರ್ಚೊಂದರ ಸ್ಮಶಾನದ ಪಕ್ಕ ನಡೆದು ಹೋಗುವಾಗ ಸಮಾಧಿಯ ಕಲ್ಲೊಂದರ ಮೇಲೆ ‘ಕಬ್ಬಿನ್’ ಅಂತ ಓದಿದೆ. ಸ್ವಲ್ಪ ದೂರದಲ್ಲಿ ಇನ್ನೊಂದು ಕಲ್ಲು, ಅದರ ಮೇಲೆ ನಮ್ಮ ‘ಕಬ್ಬನ್’ ಅಂತಲೇ ಇತ್ತು. ನಿಜ ಹೇಳ್ತೀನಿ, ನಮ್ಮ ಬೀದಿಯ ಹೆಸರನ್ನು ಅಷ್ಟು ದೂರದ ಕಲ್ಲಿನ ಮೇಲೆ ಕಂಡು ಕಾಲು ಮುಂದಕ್ಕೆ ಹೋಗಲಿಲ್ಲ.

ತಿಳಿದವರು ಹೇಳಿ. ಇದು ಇಂಗ್ಲಿಷ್ ಹೆಸರಾ? ಅರ್ಥ ಏನು? ಈ ಹೆಸರಿನವರು ಈಗ ಎಲ್ಲೆಲ್ಲಿ ಇದ್ದಾರೆ?

ಪೇಟೆಬೀದಿ

ಅಕ್ಕಾ, ನಾನು ನಗರ್ತಪೇಟೆಯವನು. ಪಕ್ಕದ ಬೀದಿಯವರೇ ಆದ್ರಿ! ಮೊದಲು ನಮ್ಮ ಕಬ್ಬನ್ ಸಾಹೇಬರ ವಿಷಯ ಹೇಳಿಬಿಡ್ತೀನಿ, ಹೆಸರಿನ ಮೂಲ ಬಲ್ಲವರು ಆಮೇಲೆ ಬರ್ತಾರೆ.

ಮಾರ್ಕ್ ಕಬ್ಬನ್ ಹುಟ್ಟಿದ್ದು 1775ರಲ್ಲಿ. ಇಂಗ್ಲೆಂಡಿನಲ್ಲೂ ಅಲ್ಲ, ಸ್ಕಾಟ್ಲೆಂಡಿನಲ್ಲೂ ಅಲ್ಲ. ಐಲ್ ಆಫ್ ಮ್ಯಾನ್ ಅನ್ನೋ ದ್ವೀಪದಲ್ಲಿ. ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿದೆ ಅದು. ಅಪ್ಪ ಮಾಹೋಲ್ಡ್ ಅನ್ನೋ ಹಳ್ಳಿಯ ಚರ್ಚಿನ ಪಾದ್ರಿ. ತಾಯಿ ವಿಲ್ಕ್ಸ್ ಮನೆತನದವರು. ಮೈಸೂರಿನಲ್ಲಿ ರೆಸಿಡೆಂಟ್, ಅಂದ್ರೆ ದೊರೆಯ ಆಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿ, ಆಗಿದ್ದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇವರ ಸೋದರಮಾವ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ಸೇರಿ ಮದ್ರಾಸಿಗೆ ಬಂದರು. ಶಿವಮೊಗ್ಗ ಕಡೆಯ ನಗರ ಅನ್ನೋ ಸೀಮೆಯ ರೈತರ ದಂಗೆ ಆದಮೇಲೆ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಂಪನಿ ತೆಗೆದುಕೊಂಡಿತಲ್ವಾ, ಅದಾದ ಮೇಲೆ 1834ರಿಂದ 1861ರ ತನಕ ಮೈಸೂರಿನ ಕಮಿಷನರ್ ಇವರೇ. ಬೆಂಗಳೂರು ಆಡಳಿತದ ಊರಾಗಿ ಬೆಳೆದದ್ದು ಆ ಕಾಲದಲ್ಲೇ. ಮದುವೆ ಆಗಲಿಲ್ಲ. ಹಾಗಾಗಿ ಇಲ್ಲಿ ಅವರ ವಂಶ ಅಂತ ಇಲ್ಲ, ಹೆಸರು ಮಾತ್ರ ಇದೆ. ಕಬ್ಬನ್‌ಪೇಟೆ, ಕಬ್ಬನ್ ರಸ್ತೆ, ಕಬ್ಬನ್ ಪಾರ್ಕ್.

ಪಾರ್ಕ್ ಮಾತ್ರ ಅವರು ತೀರಿಕೊಂಡ ಮೇಲೆ, 1870ರಲ್ಲಿ ಆದದ್ದು. ಮಾಡಿದ್ದು ರಿಚರ್ಡ್ ಸ್ಯಾಂಕಿ. 1927ರಲ್ಲಿ ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿಟ್ಟರು. ಆದರೂ ಆಟೋದವರನ್ನು ಕೇಳಿ ನೋಡಿ, ಯಾವ ಹೆಸರು ಹೇಳ್ತಾರೆ ಅಂತ.

ಸಂಧಿಸಮಾಸ

ಮಗ್ಗದಮನೆಯವರೇ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಹೆಸರುಗಳ ಚರಿತ್ರೆ ನನಗೆ ಬಹಳ ಇಷ್ಟ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನವಾಗಿ ಓದಿ.

ಕಬ್ಬನ್ ಇಂಗ್ಲಿಷ್ ಹೆಸರಲ್ಲ. ಗೇಲಿಕ್ ಹೆಸರು. ಗೇಲಿಕ್‌ನಲ್ಲಿ ಮೂರು ಕವಲು ಇವೆ. ಐರ್ಲೆಂಡಿನ ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ಮ್ಯಾನ್ ದ್ವೀಪದ ಮ್ಯಾಂಕ್ಸ್. ಈ ಹೆಸರಿನ ಹಳೆಯ ರೂಪ ‘ಮ್ಯಾಕ್ ಗಿಬ್ಬೂನ್’. ‘ಮ್ಯಾಕ್’ ಎಂದರೆ ಮಗ. ಗಿಬ್ಬೂನ್ ಅಂದರೆ ಗಿಬ್ಬನ್ ಎಂಬವನ. ಒಟ್ಟಿಗೆ ‘ಗಿಬ್ಬನ್ನನ ಮಗ’.

ಹಾಗಾದರೆ ‘ಮ್ಯಾಕ್’ ಎಲ್ಲಿ ಹೋಯಿತು? ಇಲ್ಲೇ ಇರುವುದು ಸ್ವಾರಸ್ಯ. ಮ್ಯಾಂಕ್ಸ್ ಮಾತಿನಲ್ಲಿ ಒತ್ತು ಬೀಳುವುದು ಅಪ್ಪನ ಹೆಸರಿನ ಮೇಲೆ. ಮುಂದಿನ ‘ಮ್ಯಾಕ್’ ಮೆತ್ತಗೆ, ಬೇಗ ಬೇಗ ಹೇಳಿ ಮುಗಿಸುವ ಪದ. ನಾವು ‘ಎಲ್ಲಿಗೆ ಹೋಗುತ್ತಿದ್ದೀಯ’ ಎನ್ನುವುದನ್ನು ‘ಎಲ್ಗೋಗ್ತಿದೀಯ’ ಅನ್ನುವುದಿಲ್ಲವೇ? ಹಾಗೆಯೇ ‘ಮ್ಯಾ’ ಸವೆದು ಹೋಯಿತು, ಕೊನೆಯ ‘ಕ್’ ಮಾತ್ರ ಉಳಿದು ಮುಂದಿನ ಹೆಸರಿಗೆ ಅಂಟಿಕೊಂಡಿತು. ಆ ಗಟ್ಟಿಯಾದ ‘ಕ್’ ಬಂದು ಕೂತಾಗ ಗಿಬ್ಬನ್ನನ ‘ಗ’ ಕೂಡ ‘ಕ’ ಆಯಿತು. ನಮ್ಮ ಆದೇಶ ಸಂಧಿಯಲ್ಲಿ ಮಳೆ, ಕಾಲ ಸೇರಿ ಮಳೆಗಾಲ ಆಗುತ್ತದೆ, ‘ಕ’ ಹೋಗಿ ‘ಗ’ ಬರುತ್ತದೆ. ಅಲ್ಲಿ ಅದರ ತಿರುಗುಮುರುಗು, ‘ಗ’ ಹೋಗಿ ‘ಕ’ ಬಂದಿದೆ. ಸ್ವರ ಬೇರೆ ಬೇರೆಯಾಗಿ ಕಾಣುವುದಕ್ಕೆ ಕಾರಣ ಬರೆದುಕೊಂಡ ಗುಮಾಸ್ತರು. ಇಂಗ್ಲಿಷ್ ಬರವಣಿಗೆ ಕಲಿತವರು ಕಿವಿಗೆ ಬಿದ್ದ ಹಾಗೆ ಬರೆದರು. ಒಬ್ಬರಿಗೆ ಕಬ್ಬನ್, ಒಬ್ಬರಿಗೆ ಕಬ್ಬಿನ್. ನೀವು ಸ್ಮಶಾನದಲ್ಲಿ ಕಂಡ ಎರಡೂ ಕಲ್ಲುಗಳದ್ದು ಒಂದೇ ಹೆಸರು ಅಂತಲೇ ತಿಳಿಯಿರಿ.

ಇನ್ನು ಗಿಬ್ಬನ್ ಯಾರು? ಅದು ಗಿಲ್ಬರ್ಟ್ ಎಂಬ ಹೆಸರಿನ ಮುದ್ದಿನ ರೂಪ. ಕೃಷ್ಣಪ್ಪನನ್ನು ಕಿಟ್ಟಿ ಅಂತ ಕರೆಯುತ್ತೀವಲ್ಲ, ಹಾಗೆ. ಗಿಲ್ಬರ್ಟ್ ಹೆಸರಿನ ಬೇರು ಇರುವುದು ಹಳೆಯ ಜರ್ಮನಿಕ್ ಭಾಷೆಯಲ್ಲಿ. ಮೊದಲರ್ಧಕ್ಕೆ ಒತ್ತೆ ಅಥವಾ ಕೊಟ್ಟ ಮಾತು ಎಂಬ ಅರ್ಥ, ಎರಡನೆಯದಕ್ಕೆ ಹೊಳಪು. 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರ ಜೊತೆ ಈ ಹೆಸರು ಆ ಕಡೆ ಹಬ್ಬಿತು. ಅಂದರೆ ಕೂಸು ಹೊರಗಿನದು, ತೊಟ್ಟಿಲು ಗೇಲಿಕ್.

ಇನ್ನೊಂದು ಎಳೆಯೂ ಇದೆ. ಗೇಲಿಕ್‌ನಲ್ಲಿ ‘ಗಿಲ್ಲೆ ಬ್ರೀಡೆ’ ಅಂತ ಹಳೆಯ ಹೆಸರೊಂದಿತ್ತು. ಸಂತ ಬ್ರಿಜಿಡ್‌ಳ ಸೇವಕ ಅಂತ ಅರ್ಥ. ನಮ್ಮಲ್ಲಿ ರಾಮದಾಸ, ಪುರಂದರದಾಸ ಇದ್ದ ಹಾಗೆ. ಸದ್ದು ಹತ್ತಿರ ಇದ್ದುದರಿಂದ ಲ್ಯಾಟಿನ್ ಬರೆಯುವವರು ಇದನ್ನೂ ಗಿಲ್ಬರ್ಟ್ ಅಂತಲೇ ಬರೆದರು. ಮ್ಯಾನ್ ದ್ವೀಪದ ಎದುರಿಗೇ ಇರುವ ಗ್ಯಾಲೊವೇ ನಾಡಿನ ಒಡೆಯನೊಬ್ಬ 1185ರಲ್ಲಿ ತೀರಿಕೊಂಡ. ಅವನಿಗೆ ಈ ಎರಡೂ ಹೆಸರು ಇವೆ. ಹಾಗಾಗಿ ಒಂದೊಂದು ಮನೆತನದ ಮೊದಲ ಗಿಬ್ಬನ್ ನಿಜವಾಗಿ ಗಿಲ್ಬರ್ಟನೋ ಬ್ರಿಜಿಡ್‌ಳ ಸೇವಕನೋ ಅಂತ ಹೆಸರೊಂದನ್ನೇ ನೋಡಿ ಹೇಳಬಾರದು.

ಹೊಸಪೇಟೆ_ಹುಡುಗ

ಮೇಷ್ಟ್ರೇ, ‘ಮ್ಯಾಕ್’ ಅಂದ್ರೆ ಮಗ! ಇದು ನಮ್ಮ ಕನ್ನಡದ ‘ಮಗ’ನೇ ಅಲ್ವಾ? ತಮಿಳಿನಲ್ಲಿ ಮಗನ್, ತುಳುವಿನಲ್ಲಿ ಮಗೆ. ಸದ್ದೂ ಅದೇ, ಅರ್ಥವೂ ಅದೇ. ಸಾವಿರಾರು ವರ್ಷದ ಹಿಂದೆ ಇಲ್ಲಿಂದ ಯಾರಾದ್ರೂ ಹೋಗಿರಬಹುದಾ? ನನಗಂತೂ ಇದು ಓದಿ ನಿದ್ದೆ ಬರಲಿಲ್ಲ.

ಸಂಧಿಸಮಾಸ

ತಮ್ಮಾ, ನಿನ್ನ ಸಂತೋಷ ಅರ್ಥವಾಗುತ್ತದೆ. ಮೊದಲ ಸಲ ಗಮನಿಸಿದಾಗ ನನಗೂ ಹೀಗೇ ಅನ್ನಿಸಿತ್ತು. ಆದರೆ ಇದು ಆಕಸ್ಮಿಕ. ಎರಡು ಪದ ಸಂಬಂಧಿಗಳು ಅಂತ ಹೇಳಬೇಕಾದರೆ ಇಂದಿನ ರೂಪ ನೋಡಿದರೆ ಸಾಲದು, ಹಿಂದಕ್ಕೆ ಹೋಗಿ ನೋಡಬೇಕು. ಹಿಂದಕ್ಕೆ ಹೋದಷ್ಟೂ ನಿಜವಾದ ನೆಂಟರು ಹತ್ತಿರ ಬರುತ್ತಾರೆ, ಸುಮ್ನೆ ಹೋಲುವವರು ದೂರ ಸರಿಯುತ್ತಾರೆ.

ಗೇಲಿಕ್‌ನ ಅತಿ ಹಳೆಯ ಬರಹ ಓಗಮ್ ಎಂಬ ಗೀರು ಲಿಪಿಯಲ್ಲಿದೆ. ಕಲ್ಲಿನ ಅಂಚಿನಲ್ಲಿ ಉದ್ದಕ್ಕೂ ಗೀರು ಹಾಕಿ ಬರೆಯುತ್ತಿದ್ದರು. ಮ್ಯಾನ್ ದ್ವೀಪದ ದಕ್ಷಿಣದಲ್ಲೂ ಅಂಥ ಕಲ್ಲು ಸಿಕ್ಕಿದೆ. ಅದರಲ್ಲಿ ‘ಮಗನ’ ಎನ್ನುವ ಪದ ‘ಮಕ್ವಿ’ ಎಂದಿದೆ. ಆ ‘ಕ್ವ’ ಸದ್ದೇ ವೆಲ್ಶ್ ಭಾಷೆಯಲ್ಲಿ ‘ಪ’ ಆಯಿತು, ಅಲ್ಲಿ ಮಗನಿಗೆ ‘ಮಾಪ್’, ಈಗ ‘ಮಾಬ್’. ನಮ್ಮ ‘ಮಗ’ನಿಗೂ ಮಗಳು, ಮಕ್ಕಳು ಎಂಬ ತನ್ನದೇ ಸಂಸಾರ ಇದೆ. ಎರಡು ಸಂಸಾರವೂ ದೊಡ್ಡವು, ಹಳೆಯವು, ಬೇರೆ ಬೇರೆ.

ಆದರೆ ವೆಲ್ಶ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಲ್ಲಿಯೂ ಹೀಗೇ ನುಂಗಿದ್ದಾರೆ. ‘ಅಪ್ ಹೌಯೆಲ್’ ಹೋಗಿ ಪೊವೆಲ್ ಆಗಿದೆ, ‘ಅಪ್ ರೈಸ್’ ಹೋಗಿ ಪ್ರೈಸ್ ಆಗಿದೆ, ‘ಅಬ್ ಓವೈನ್’ ಹೋಗಿ ಬೋವೆನ್ ಆಗಿದೆ. ‘ಮಗ’ನ ತಲೆ ಹೋಗಿ ಬಾಲ ಉಳಿದ ಹೆಸರುಗಳು ಇವು.

ಹೊಸಪೇಟೆ_ಹುಡುಗ

ಒಪ್ಪಿದೆ ಮೇಷ್ಟ್ರೇ. ಹಿಂದಕ್ಕೆ ಹೋಗಿ ನೋಡಬೇಕು ಅನ್ನೋ ಮಾತು ಬರೆದಿಟ್ಟುಕೊಂಡೆ.

ಕಡಲಾಚೆ

ನಾನು ಐದು ವರ್ಷ ಮ್ಯಾನ್ ದ್ವೀಪದ ಡಗ್ಲಸ್ ಊರಿನಲ್ಲಿ ಕೆಲಸ ಮಾಡಿದ್ದೆ, ಈಗ ಮೈಸೂರಿನಲ್ಲಿದ್ದೇನೆ. ಈ ಚರ್ಚೆ ನೋಡಿ ತುಂಬಾ ಖುಷಿಯಾಯ್ತು, ಯಾಕಂದ್ರೆ ಆ ದ್ವೀಪದ ಬಗ್ಗೆ ಇಲ್ಲಿ ಯಾರ ಹತ್ತಿರವೂ ಮಾತಾಡೋಕೆ ಆಗಿರಲಿಲ್ಲ.

ಚಿಕ್ಕ ಜಾಗ ಅದು. 572 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಇದ್ದವರು 84 ಸಾವಿರ ಚಿಲ್ಲರೆ ಜನ. ಬ್ರಿಟನ್ನಿನ ರಾಜನಿಗೆ ಸೇರಿದ್ದು, ಆದರೆ ಬ್ರಿಟನ್ ದೇಶದ ಭಾಗ ಅಲ್ಲ. ಟಿನ್‌ವಾಲ್ಡ್ ಅಂತ ಅವರದ್ದೇ ಶಾಸನಸಭೆ ಇದೆ, ಅದಕ್ಕೆ ಸಾವಿರ ವರ್ಷ ತುಂಬಿತು ಅಂತ 1979ರಲ್ಲಿ ದೊಡ್ಡ ಆಚರಣೆ ಮಾಡಿದ್ದಾರೆ.

ಮೇಷ್ಟ್ರು ಹೇಳಿದ ನುಂಗಾಟ ಇದೆಯಲ್ಲ, ಅದು ಒಂದು ಕಬ್ಬನ್ ಹೆಸರಿಗೆ ಮಾತ್ರ ಆದದ್ದಲ್ಲ. ಇಡೀ ದ್ವೀಪಕ್ಕೇ ಆಗಿದೆ. ಅಲ್ಲಿ ಫೋನ್ ಪುಸ್ತಕ ತೆಗೆದರೆ ಸಿ, ಕೆ, ಕ್ಯೂ ಅಕ್ಷರದ ಪುಟಗಳೇ ಜಾಸ್ತಿ. ನನಗೆ ಮೊದಲು ತಲೆಬುಡ ಅರ್ಥವಾಗ್ತಿರಲಿಲ್ಲ. ಆಮೇಲೆ ಒಬ್ಬರು ಹಿರಿಯರು ಕೂರಿಸಿಕೊಂಡು ಹೇಳಿಕೊಟ್ಟರು. ಐಸಾಕನ ಮಗ ಮ್ಯಾಕ್ ಐಸಾಕ್, ಅವನು ಕಿಸ್ಸಾಕ್. ಅಲಿಸ್ಟರನ ಮಗ ಕ್ಯಾಲಿಸ್ಟರ್. ವಿಲಿಯಮ್ಮನ ಮಗ ಕ್ವಿಲಿಯಂ. ವಾಲ್ಟರನ ಮಗ ಕ್ವಾಲ್ಟ್ರೋ. ಡರ್ಮಡ್‌ನ ಮಗ ಕರ್ಮೋಡ್. ಪಾಲ್‌ನ ಮಗ ಕ್ವೇಲ್. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡ್ಯಾನ್ ಕ್ವೇಲ್ ಅವರ ಹೆಸರು ಇದೇ. 1805ರ ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ ಇದ್ದ ಹಡಗಿನ ಲೆಫ್ಟಿನೆಂಟ್ ಜಾನ್ ಕ್ವಿಲಿಯಂ ಈ ದ್ವೀಪದವರು. ನಾರ್ವೆ ಕಡೆಯಿಂದ ಬಂದ ವೈಕಿಂಗರು ಇಲ್ಲಿ ಬಹಳ ಕಾಲ ಆಳಿದ್ದರಿಂದ ಅವರ ಹೆಸರುಗಳಿಗೂ ಮ್ಯಾಕ್ ಸೇರಿದೆ. ಓಲಾಫ್‌ನ ಮಗ ಕೌಲಿ ಆಗಿದ್ದಾನೆ. ಓಲಾಫ್ ಅನ್ನೋ ನಾರ್ವೆ ಹೆಸರು ಕೌಲಿಯೊಳಗೆ ಅಡಗಿ ಕೂತಿದೆ ಅಂದ್ರೆ ಯಾರು ನಂಬ್ತಾರೆ!

ಇದಕ್ಕೆಲ್ಲ ದಾಖಲೆ ಇದೆ. 1511ರ ಸುಮಾರಿನ ಗೇಣಿ ಪಟ್ಟಿ ಉಳಿದಿದೆ. ಜಮೀನು ಯಾರದು, ಎಷ್ಟು ಕೊಡಬೇಕು ಅನ್ನೋ ಲೆಕ್ಕ. ಅದರಲ್ಲಿ ಎಲ್ಲಿ ನೋಡಿದರೂ ಮ್ಯಾಕ್. ನೂರು ನೂರಿಪ್ಪತ್ತು ವರ್ಷ ಕಳೆದ ಮೇಲಿನ ದಾಖಲೆಗಳಲ್ಲಿ ಅದು ಹೆಚ್ಚುಕಡಿಮೆ ಮಾಯ. ಯಾರೂ ಆಜ್ಞೆ ಮಾಡಿ ತೆಗೆಸಿದ್ದಲ್ಲ, ಜನರ ಬಾಯಲ್ಲೇ ಸವೆದದ್ದು.

ಈಗ ಎಲ್ಲಿದ್ದಾರೆ ಅಂತ ಕೇಳಿದ್ರಿ. ಕಬ್ಬನ್ ದೊಡ್ಡ ಮನೆತನ ಅಲ್ಲ. ಕೆಲ್ಲಿ, ಕ್ವೇಲ್, ಕೋರ್ಲೆಟ್ ಥರ ಬೀದಿಗೊಂದು ಸಿಗೋ ಹೆಸರಲ್ಲ. ದ್ವೀಪದಲ್ಲಿ ಇದ್ದಾರೆ. ದ್ವೀಪದ ಹೊರಗೆ ಅಂದ್ರೆ ಲಿವರ್‌ಪೂಲ್ ಮತ್ತು ಅದರ ಸುತ್ತಿನ ಲ್ಯಾಂಕಷೈರ್ ಸೀಮೆ. ನೀವು ಕಲ್ಲು ನೋಡಿದ್ದು ಸರಿಯಾದ ಊರಿನಲ್ಲೇ. 1830ರಲ್ಲೇ ಡಗ್ಲಸ್‌ನಿಂದ ಲಿವರ್‌ಪೂಲಿಗೆ ಉಗಿಹಡಗಿನ ಕಂಪನಿ ಶುರುವಾಯ್ತು. ದ್ವೀಪದಲ್ಲಿ ಹೆರಿಂಗ್ ಮೀನು, ಸೀಸ ಮತ್ತು ಸತುವಿನ ಗಣಿ, ಕಲ್ಲು ತುಂಬಿದ ಹೊಲ, ಇಷ್ಟೇ. ಮನೆಯ ಎರಡನೇ ಮಗ, ಮೂರನೇ ಮಗ ಹಡಗು ಹತ್ತಿ ಲಿವರ್‌ಪೂಲಿನ ಬಂದರಿಗೆ ಬರೋದು ಮಾಮೂಲು. ಅಲ್ಲಿಂದ ಮುಂದಕ್ಕೆ ಹೋದವರು ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲೆಂಡ್ ಕಡೆ ನೆಲೆಸಿದ್ದಾರೆ, 1820ರ ದಶಕದಿಂದಲೇ. 1850ರ ನಂತರ ಚಿನ್ನದ ಆಸೆಗೆ ಆಸ್ಟ್ರೇಲಿಯಾಗೂ ಹೋದರು.

ಈ ಹೆಸರಿನಲ್ಲಿ ಸರ್ ಮಾರ್ಕ್ ಬಿಟ್ಟರೆ ದ್ವೀಪದವರು ಮೊದಲು ನೆನೆಯೋದು ವಿಲಿಯಂ ಕಬ್ಬನ್ ಅವರನ್ನ. 1930ರ ದಶಕದಲ್ಲಿ ಅಲ್ಲಿನ ವಸ್ತುಸಂಗ್ರಹಾಲಯದ ನಿರ್ದೇಶಕರು. ದ್ವೀಪಕ್ಕೆ ಸಂಬಂಧಿಸಿದ ಬರಹಗಳ ಗ್ರಂಥಸೂಚಿ ಮಾಡಿದವರು. ನನ್ನ ಲೆಕ್ಕದಲ್ಲಿ ಕಬ್ಬನ್ ಹೆಸರಿನ ದೊಡ್ಡ ಕೆಲಸ ಅದು.

ಸಂಧಿಸಮಾಸ

ಕಡಲಾಚೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗಿಬ್ಬನ್ನನ ಮಕ್ಕಳು ಆ ಸಮುದ್ರದ ಸುತ್ತ ಎಲ್ಲ ದಡಗಳಲ್ಲೂ ಇದ್ದಾರೆ, ಒಂದೊಂದು ಕಡೆ ಒಂದೊಂದು ವೇಷ. ಸ್ಕಾಟ್ಲೆಂಡಿನ ನೈಋತ್ಯ ಮೂಲೆ, ಏರ್‌ಷೈರ್ ಮತ್ತು ಗ್ಯಾಲೊವೇ ಕಡೆ, ‘ಮ್ಯಾಕ್’ ಬಿದ್ದು ಹೋಗಲಿಲ್ಲ. ಅಲ್ಲಿ ಇದು ಮೆಕಬ್ಬಿನ್. ಆಸ್ಟ್ರೇಲಿಯಾದ ಹೆಸರಾಂತ ಚಿತ್ರಕಾರ ಫ್ರೆಡರಿಕ್ ಮೆಕಬ್ಬಿನ್ 1855ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದರು, ಅಪ್ಪ ಏರ್‌ಷೈರ್‌ನಿಂದ ಬಂದ ಬೇಕರಿಯವರು. ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಮ್ಯಾಕ್ ಗಿಬ್ಬೂನ್ ಎಂಬವರು ಬರ್ಕ್ ಮನೆತನದ ಕವಲು, ಮೂಲದಲ್ಲಿ ನಾರ್ಮನ್ನರು. ಈಗ ಅವರ ಹೆಸರು ಗಿಬ್ಬನ್ಸ್. ಇಂಗ್ಲೆಂಡ್ ಮತ್ತು ತಗ್ಗಿನ ಸ್ಕಾಟ್ಲೆಂಡಿನಲ್ಲಿ ಗಿಬ್ ಎಂಬವನ ಮಗ ಗಿಬ್ಸನ್. ಅರ್ಥದಲ್ಲಿ ಕಬ್ಬನ್ನೂ ಗಿಬ್ಸನ್ನೂ ಒಂದೇ. ಒಂದರಲ್ಲಿ ಮಗ ಮುಂದೆ ಬಂದು ಕರಗಿದ, ಇನ್ನೊಂದರಲ್ಲಿ ಹಿಂದೆ ನಿಂತು ಉಳಿದ.

ಹಾಗಂತ ಇವರೆಲ್ಲ ಒಂದೇ ರಕ್ತ ಅಂತ ಅಂದುಕೊಳ್ಳಬೇಡಿ. ಗಿಲ್ಬರ್ಟ್ ಅಂತ ನೂರಾರು ಜನ ಇದ್ದರು. ಎಲ್ಲ ತಿಮ್ಮಪ್ಪನ ಮಕ್ಕಳು ಅಣ್ಣತಮ್ಮಂದಿರಲ್ಲವಲ್ಲ.

ಮಗ್ಗದಮನೆ

ಓದ್ತಾ ಓದ್ತಾ ಕಣ್ಣು ತುಂಬಿ ಬಂತು. ನಮ್ಮ ಬೀದಿಯ ಹೆಸರಿನ ಮೊದಲ ‘ಕ’ ಅಕ್ಷರದಲ್ಲಿ ‘ಮಗ’ ಅನ್ನೋ ಪದ ಕೂತಿದೆ ಅಂತ ತಾತನಿಗೆ ಹೇಳಬೇಕಿತ್ತು.

ಒಂದು ಸಂದೇಹ. ನಿನ್ನೆ ಆನ್‌ಲೈನ್‌ನಲ್ಲಿ ಹುಡುಕ್ತಾ ಇದ್ದಾಗ ಒಂದು ಅಂಗಡಿಯಲ್ಲಿ ‘ಕಬ್ಬನ್ ವಂಶದ ಲಾಂಛನ’ ಅಂತ ಚಹಾ ಕಪ್ಪು ಮಾರ್ತಿದ್ರು. ಗುರಾಣಿ, ಸಿಂಹ ಎಲ್ಲ ಇದೆ. ಪೇಟೆಯ ನೆನಪಿಗೆ ಅಂತ ಒಂದು ತರಿಸಿದೆ. ಅದು ನಿಜವಾದದ್ದಾ?

ಕಡಲಾಚೆ

ಅಕ್ಕಾ, ಕಪ್ಪಿನಲ್ಲಿ ಚಹಾ ಕುಡೀರಿ, ಚರಿತ್ರೆ ಅಂತ ನಂಬಬೇಡಿ. ಅಲ್ಲಿನ ಪದ್ಧತಿಯಲ್ಲಿ ಲಾಂಛನ ಒಬ್ಬ ವ್ಯಕ್ತಿಗೆ ಕೊಡೋದು, ಅವರ ನೇರ ವಾರಸುದಾರರಿಗೆ ಇಳಿದು ಬರೋದು. ಹೆಸರು ಒಂದೇ ಅಂದ ಮಾತ್ರಕ್ಕೆ ಎಲ್ಲರಿಗೂ ಸೇರೋದಿಲ್ಲ. ಇಂಥ ಅಂಗಡಿಗಳು ಯಾವ ಹೆಸರು ಹೊಡೆದರೂ ಒಂದು ಗುರಾಣಿ ತೋರಿಸ್ತವೆ. ಹೆಸರು ಹುಡುಕೋ ಎಷ್ಟೋ ಜನ ಇಲ್ಲೇ ಮೊದಲ ದುಡ್ಡು ಕಳೆದುಕೊಳ್ಳೋದು, ನನಗೆ ಇದು ನೋಡಿದ್ರೆ ಬೇಜಾರಾಗುತ್ತೆ. ಆ ದುಡ್ಡಿಗೆ ಹಳೇ ಚರ್ಚಿನ ಜನನ ಮರಣ ದಾಖಲೆಯ ಒಂದು ಪ್ರತಿ ಸಿಗುತ್ತಿತ್ತು.

ನೆಲಮಂಗಲದ_ರೈತ

ನಾನು ಬೇರೆ ಮಾತು ಹೇಳ್ತೀನಿ, ಯಾರೂ ಬೇಸರ ಮಾಡ್ಕೋಬೇಡಿ. ಇಪ್ಪತ್ತೇಳು ವರ್ಷ ನಮ್ಮ ನಾಡನ್ನು ಆಳಿದವರ ಹೆಸರು ಅದು. ಆಳ್ವಿಕೆ ನಡೆದದ್ದು ಕಂಪನಿಗಾಗಿ. ನಾಡಿನ ದೊರೆ ಮೈಸೂರಿನಲ್ಲಿ ಇದ್ದರೂ ಅವರ ಕೈ ಕಟ್ಟಿಹಾಕಿದ್ದರು. ನಗರದ ರೈತರು ಬೀದಿಗೆ ಬಂದದ್ದು ಕಂದಾಯದ ಹೊರೆ ತಾಳಲಾರದೆ. ಆ ರೈತರ ಹೆಸರಿನ ಮೂಲ ಯಾರು ಹುಡುಕ್ತಾರೆ? ಕಬ್ಬನ್‌ಪೇಟೆಯಲ್ಲಿ ತಲೆತಲಾಂತರದಿಂದ ನೇಯ್ದವರ ಮನೆತನದ ಹೆಸರುಗಳು ಎಷ್ಟು ಜನಕ್ಕೆ ಗೊತ್ತು?

ಪೇಟೆಬೀದಿ

ಅಣ್ಣಾ, ನಿಮ್ಮ ಮಾತು ನ್ಯಾಯವಾಗಿದೆ. ಕಬ್ಬನ್ ಸಾಹೇಬರ ಕಾಲದಲ್ಲಿ ಬಿಡಿ ಬಿಡಿ ಸುಂಕಗಳು ನೂರಾರು ರದ್ದಾದವು, ರಸ್ತೆ ಆದವು, ಅದೂ ನಿಜ. ಆದರೆ ಕಂಪನಿಯ ಆಳ್ವಿಕೆ ಅನ್ನೋದನ್ನು ಅದು ಅಳಿಸೋದಿಲ್ಲ. 2020ರಲ್ಲಿ ಅವರ ಕುದುರೆ ಸವಾರಿಯ ಪ್ರತಿಮೆಯನ್ನು ಹೈಕೋರ್ಟ್ ಇರೋ ಅಠಾರಾ ಕಚೇರಿ ಮುಂದಿನಿಂದ ತೆಗೆದು ಪಾರ್ಕಿನ ಒಳಗೆ ಇಟ್ಟರು. ಆಗಲೂ ಊರಿನಲ್ಲಿ ಎರಡು ಅಭಿಪ್ರಾಯ ಇತ್ತು.

ಮಗ್ಗದಮನೆ

ನೆಲಮಂಗಲದ ಅಣ್ಣ, ನಿಮ್ಮ ಪ್ರಶ್ನೆ ನನಗೆ ತಟ್ಟಿತು. ನಾನು ಹೊಗಳೋಕೆ ಕೇಳಿದ್ದಲ್ಲ. ದಿನಾ ವಿಳಾಸ ಬರೆಯುವಾಗ ಬರೆದ ಹೆಸರು ಅದು, ಏನು ಬರೀತಿದ್ದೆ ಅಂತ ತಿಳಿಯಬೇಕು ಅನ್ನಿಸಿತು. ನಮ್ಮ ಮನೆತನದ ಹೆಸರುಗಳನ್ನೂ ಬರೆದಿಡಬೇಕು ಅಂದ್ರಲ್ಲ, ಈ ಸಲ ಊರಿಗೆ ಬಂದಾಗ ಬೀದಿಯ ಹಿರಿಯರ ಹತ್ತಿರ ಕೂತು ಬರೆದುಕೊಳ್ತೀನಿ. ಮಾತು ಕೊಟ್ಟೆ.

ನೆಲಮಂಗಲದ_ರೈತ

ಬರೀರಿ ತಾಯಿ. ಇಲ್ಲೇ ಹಾಕಿ, ನಾವೂ ಓದ್ತೀವಿ.

ಮರ್ಫಿಟೌನ್_ಮನೆ

ಎಲ್ಲರೂ ಕಬ್ಬನ್ ಬಗ್ಗೆ ಹೇಳ್ತಿದ್ದೀರಿ, ನಮ್ಮ ಬಡಾವಣೆಯದ್ದೂ ಹೇಳಿ. ಮರ್ಫಿ ಗೇಲಿಕ್ ಹೆಸರೇ ಅಲ್ವಾ? ಮತ್ತೆ ಫ್ರೇಜರ್ ಟೌನ್?

ಸಂಧಿಸಮಾಸ

ಮರ್ಫಿ ಐರಿಷ್. ‘ಓ ಮರ್ಖಾದ’ ಇದರ ಮೂಲ. ‘ಓ’ ಎಂದರೆ ಮೊಮ್ಮಗ, ವಂಶದವನು. ಮರ್ಖಾದ ಅಂದರೆ ಕಡಲಿನ ಯೋಧ. ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನಕ್ಕಿರುವ ಹೆಸರು ಇದೇ. ಫ್ರೇಜರ್ ಮಾತ್ರ ಸ್ಕಾಟ್ಲೆಂಡಿನ ಮನೆತನವಾದರೂ ಹುಟ್ಟಿನಲ್ಲಿ ಗೇಲಿಕ್ ಅಲ್ಲ, ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರದ್ದು. ನಮ್ಮ ಊರೂರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಬರೆಸಿ ಕೂಡಿಹಾಕಿದ ಕಾಲಿನ್ ಮೆಕೆಂಜಿ ಅವರದು ಅಪ್ಪಟ ಗೇಲಿಕ್, ‘ಮ್ಯಾಕ್ ಕೋನ್ಯಿಚ್’, ಕೆನೆತ್‌ನ ಮಗ. ಸುಂದರ ಅಂತ ಅರ್ಥ ಬರುವ ಹೆಸರು ಅದು. ಅದಕ್ಕೆ ಬೇರೆಯೇ ಚರ್ಚೆ ಬೇಕು.

ಹೊಸಪೇಟೆ_ಹುಡುಗ

ಕಡಲಾಚೆ ಸರ್, ಆ ಮ್ಯಾಂಕ್ಸ್ ಭಾಷೆ ಈಗಲೂ ಮಾತಾಡ್ತಾರಾ?

ಕಡಲಾಚೆ

ನೆಡ್ ಮ್ಯಾಡ್ರೆಲ್ ಅಂತ ಒಬ್ಬ ಮೀನುಗಾರರು. ಮನೆಮಾತಾಗಿ ಮ್ಯಾಂಕ್ಸ್ ಕಲಿತವರಲ್ಲಿ ಅವರೇ ಕೊನೆಯವರು. 1974ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆದರೆ ಅಷ್ಟರಲ್ಲಿ ಕೆಲವರು ಅವರಂಥ ಹಿರಿಯರ ಹತ್ತಿರ ಕೂತು ಕಲಿತುಕೊಂಡಿದ್ದರು, ಧ್ವನಿ ಮುದ್ರಿಸಿಕೊಂಡಿದ್ದರು. 2001ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆ ಶುರುವಾಯ್ತು. 2009ರಲ್ಲಿ ಯುನೆಸ್ಕೋ ಆ ಭಾಷೆ ಸತ್ತಿದೆ ಅಂತ ಪಟ್ಟಿಯಲ್ಲಿ ಬರೆದಾಗ ಆ ಶಾಲೆಯ ಮಕ್ಕಳು ಕಾಗದ ಬರೆದರು. ನಮ್ಮ ಭಾಷೆ ಸತ್ತಿದ್ದರೆ ನಾವು ಈ ಕಾಗದ ಬರೀತಿರೋದು ಯಾವ ಭಾಷೆಯಲ್ಲಿ ಅಂತ ಕೇಳಿದರು. ಪಟ್ಟಿ ಬದಲಾಯ್ತು. 2011ರ ಜನಗಣತಿಯಲ್ಲಿ 1,823 ಜನ ಮ್ಯಾಂಕ್ಸ್ ಬರುತ್ತೆ ಅಂತ ಬರೆಸಿದ್ದಾರೆ.

ಮಗ್ಗದಮನೆ ಅಕ್ಕಾ, ಲಿವರ್‌ಪೂಲಿನಿಂದ ಹಡಗಿನಲ್ಲಿ ಮೂರು ಗಂಟೆ ದಾರಿ ಅಷ್ಟೇ. ಹೋಗಿ ಬನ್ನಿ. ಸಮುದ್ರದ ಪಕ್ಕದಲ್ಲೇ ಹೋಗೋ ಹಳೇ ಎಲೆಕ್ಟ್ರಿಕ್ ಟ್ರಾಮ್ ಹತ್ತಿ ಬಲ್ಲಜೋರ ಅನ್ನೋ ಕಡೆ ಇಳೀರಿ. ಅಲ್ಲಿಂದ ಮಾಹೋಲ್ಡ್‌ಗೆ ನಡೆದು ಹೋಗಬಹುದು. ಸರ್ ಮಾರ್ಕ್ ಅವರನ್ನು ಮಣ್ಣು ಮಾಡಿದ್ದು ಅಲ್ಲೇ. ಊರಿಗೆ ಹೊರಟವರು ದಾರಿಯಲ್ಲಿ ಸೂಯೆಜ್‌ನಲ್ಲಿ 1861ರ ಏಪ್ರಿಲ್ 23ರಂದು ತೀರಿಕೊಂಡರು. ಆಗಿನ್ನೂ ಅಲ್ಲಿ ಕಾಲುವೆ ಇಲ್ಲ. ಅಲ್ಲಿಂದ ದೇಹವನ್ನು ಅವರ ಅಪ್ಪ ಪಾದ್ರಿಯಾಗಿದ್ದ ಚರ್ಚಿಗೇ ತಂದರು.

ಮಗ್ಗದಮನೆ

ಮೂರು ವಾರ ಆದಮೇಲೆ ಬರೀತಿದ್ದೀನಿ. ಹೋಗಿ ಬಂದೆ.

ಹಡಗಿನಲ್ಲಿ ಅಲೆ ಜಾಸ್ತಿ ಇತ್ತು. ಟ್ರಾಮ್ ಮಾತ್ರ ತುಂಬಾ ಚೆನ್ನಾಗಿದೆ, ಒಂದು ಕಡೆ ಬೆಟ್ಟ, ಒಂದು ಕಡೆ ನೀರು. ಬಲ್ಲಜೋರದಲ್ಲಿ ಇಳಿದವಳು ನಾನೊಬ್ಬಳೇ. ಮಾಹೋಲ್ಡ್ ಅಂದ್ರೆ ಒಂದು ಚರ್ಚು, ನಾಲ್ಕು ಮನೆ, ಗಾಳಿ. ಚರ್ಚಿನ ಅಂಗಳದಲ್ಲಿ ಒಂದು ಚಪ್ಪರದ ಕೆಳಗೆ ಹಳೇ ಶಿಲುಬೆ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದಾರೆ, ನಲವತ್ತಕ್ಕೂ ಹೆಚ್ಚು. ಸಾವಿರ ವರ್ಷಕ್ಕೂ ಹಿಂದಿನವು. ಕೆಲವದರ ಮೇಲೆ ವೈಕಿಂಗರ ಅಕ್ಷರ ಇದೆ. ನಮ್ಮ ಊರುಗಳಲ್ಲಿ ವೀರಗಲ್ಲುಗಳನ್ನು ಗುಡಿಯ ಪಕ್ಕ ನಿಲ್ಲಿಸಿರ್ತಾರಲ್ಲ, ಅಲ್ಲಿ ನಿಂತಾಗ ಅದೇ ನೆನಪಾಯ್ತು.

ಕಬ್ಬನ್ ಅಂತ ಕಲ್ಲಿನ ಮೇಲೆ ಓದಿದೆ. ಅಮ್ಮನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಅಮ್ಮನಿಗೆ ಇಂಗ್ಲಿಷ್ ಓದಲು ಬರೋದಿಲ್ಲ. ‘ಇಲ್ಲಿ ನಮ್ಮ ಬೀದಿ ಹೆಸರು ಬರೆದಿದೆ ಅಮ್ಮ’ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ಹೂ ಇಡು’ ಅಂದರು. ಬೇಲಿಯಲ್ಲಿದ್ದ ಕಾಡುಹೂ ಇಟ್ಟೆ. ನೆಲಮಂಗಲದ ಅಣ್ಣನ ಮಾತೂ ನೆನಪಿತ್ತು. ಸತ್ತವರಿಗೆ ಹೂ ಇಡೋದು ನಮ್ಮ ಅಮ್ಮ ಕಲಿಸಿದ್ದು, ಅಷ್ಟಕ್ಕೇ ಇಟ್ಟೆ.

ವಾಪಸ್ ಬರುವಾಗ ಲ್ಯಾಕ್ಸಿ ಅನ್ನೋ ಊರಿನಲ್ಲಿ ಇಳಿದೆ. ಅಲ್ಲಿ ಗಣಿಯ ನೀರು ಎತ್ತಲು 1854ರಲ್ಲಿ ಮಾಡಿದ ದೊಡ್ಡ ನೀರಿನ ಚಕ್ರ ಇದೆ, ಎಲ್ಲರೂ ನೋಡೋದು ಅದನ್ನೇ. ನಾನು ಅದನ್ನು ನೋಡಿ ಬರುವ ದಾರಿಯಲ್ಲಿ ಒಂದು ಸದ್ದು ಕೇಳಿಸ್ತು. 1881ರಿಂದ ನಡೆಯುತ್ತಿರೋ ಉಣ್ಣೆ ನೇಯುವ ಮನೆ. ಒಳಗೆ ಕೈಮಗ್ಗ. ನೇಯುತ್ತಿದ್ದವರು ನಾನು ಬಾಗಿಲಲ್ಲೇ ನಿಂತಿದ್ದು ನೋಡಿ ಒಳಗೆ ಕರೆದರು. ನಮ್ಮದು ರೇಷ್ಮೆ ನೇಯುವ ಮನೆ ಅಂದೆ. ಎಲ್ಲಿ ಅಂತ ಕೇಳಿದರು. ‘ಕಬ್ಬನ್‌ಪೇಟೆ’ ಅಂದೆ. ಅವರು ಆ ಹೆಸರನ್ನು ಎರಡು ಸಲ ಹೇಳಿಸಿಕೊಂಡರು.

ಮಗ್ಗದ ಸದ್ದನ್ನು ಫೋನಿನಲ್ಲಿ ಹಿಡಿದು ಅಪ್ಪನಿಗೆ ಕಳಿಸಿದೆ. ರಾತ್ರಿ ಅಪ್ಪನ ಸಂದೇಶ ಬಂತು. ‘ಉಣ್ಣೆ ಅಲ್ವಾ, ಹಲಗೆ ಏಟು ಭಾರ ಇದೆ. ಹಾಸುನೂಲಿಗೆ ಎಷ್ಟು ಎಳೆ ಹಾಕಿದ್ದಾರೆ ಕೇಳಿದ್ಯಾ?’

ಕೇಳೋದು ಮರೆತೆ. ಮುಂದಿನ ಸಲ ಹೋದಾಗ ಕೇಳ್ತೀನಿ.